ಗೋರಿಯಿಲ್ಲದ ರಾವುತರು

ದೆಹಲಿಯ ಕನ್ನಡ ಬಂಧುಗಳೇ, ಮಕ್ಕಳ ಕೋಲಾಟ ಮುಗಿದಿದೆ, ಅಡುಗೆಮನೆ ಕಡೆಯಿಂದ ಬಿಸಿಬೇಳೆ ಭಾತಿನ ಘಮ ಬರುತ್ತಿದೆ. ಈ ಹೊತ್ತಿನಲ್ಲಿ ಉದ್ದದ ಪೀಠಿಕೆ ಹಾಕಿದರೆ ನೀವು ಕ್ಷಮಿಸುವುದಿಲ್ಲ.

ತೀನ್ ಮೂರ್ತಿ ವೃತ್ತವನ್ನು ನೀವೆಲ್ಲ ಸುತ್ತಿದ್ದೀರಿ. ಅಲ್ಲಿ 1922ರಿಂದ ನಿಂತಿರುವ ಆ ಮೂವರು ಕಂಚಿನ ಸೈನಿಕರು ಹೈದರಾಬಾದ್, ಜೋಧಪುರ ಮತ್ತು ನಮ್ಮ ಮೈಸೂರು ಸಂಸ್ಥಾನಗಳ ಅಶ್ವದಳಗಳ ನೆನಪು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಸೇರಿತು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರದವರು ತುರ್ಕರ ಕೈಯಲ್ಲಿದ್ದ ಪ್ಯಾಲೆಸ್ತೀನಿನ ಹೈಫಾ ಊರೊಳಕ್ಕೆ ನುಗ್ಗಿದರೆ, ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರು ಹತ್ತಿ, ಮೇಲಿದ್ದ ಫಿರಂಗಿಗಳ ಕಡೆ ಹೊರಟಿತು. ಎದುರಿಗೆ ಮೆಷಿನ್ ಗನ್ನು, ಇವರ ಕೈಯಲ್ಲಿ ಭರ್ಜಿ. ಅಂದೇ ಊರು ಕೈವಶವಾಯಿತು. ಇಷ್ಟು ಹಲವರಿಗೆ ಗೊತ್ತು.

ಹರಿತಾನ್ ಎಂಬ ಹೆಸರು ಕೇಳಿದವರು ಎಷ್ಟು ಜನ ಇದ್ದೀರಿ? ಸಿರಿಯಾದ ಅಲೆಪ್ಪೊ ಪಟ್ಟಣದ ಹತ್ತಿರದ ಹಳ್ಳಿ. ಹೈಫಾ ಗೆದ್ದ ಒಂದು ತಿಂಗಳಿಗೆ, ಅಕ್ಟೋಬರ್ 26ರಂದು, ಅದೇ ಮೈಸೂರು ಮತ್ತು ಜೋಧಪುರದ ರಾವುತರು ಅಲ್ಲಿ ತಮಗಿಂತ ಎಷ್ಟೋ ದೊಡ್ಡದಾದ ತುರ್ಕಿ ಪಡೆಯ ಮೇಲೆ ಬಿದ್ದರು. ಹೈಫಾದಲ್ಲಿ ಸತ್ತವರಿಗಿಂತ ಹೆಚ್ಚು ಜನ ಅಲ್ಲಿ ಸತ್ತರು. ಅಕ್ಟೋಬರ್ 31ಕ್ಕೆ ತುರ್ಕರೊಂದಿಗೆ ಕದನವಿರಾಮ ಜಾರಿಗೆ ಬಂತು. ಐದೇ ದಿನ! ಗೆದ್ದ ಊರಿನ ಹೆಸರು ವೃತ್ತಕ್ಕೆ ಬಂತು, ಹೆಚ್ಚು ಜನರನ್ನು ನುಂಗಿದ ಊರಿನ ಹೆಸರು ಯಾರ ಬಾಯಿಗೂ ಬರಲಿಲ್ಲ. ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಇವರ ಸಮಾಧಿ ಎಲ್ಲಿ ಎಂದು ಕೇಳುತ್ತೀರಿ. ಹಿಂದೂ ಸೈನಿಕರನ್ನು ಅವರ ಪದ್ಧತಿಯಂತೆ ಸುಟ್ಟದ್ದರಿಂದ ಬಹುತೇಕರಿಗೆ ಕಲ್ಲೇ ಇಲ್ಲ, ಹೆಸರು ಮಾತ್ರ ಉಂಟು. ಈಜಿಪ್ಟ್ ಮತ್ತು ಪ್ಯಾಲೆಸ್ತೀನ್ ರಣರಂಗಗಳಲ್ಲಿ ತೀರಿಕೊಂಡ ಸುಮಾರು 4,000 ಭಾರತೀಯರ ಹೆಸರುಗಳಿಗಾಗಿ 1926ರಲ್ಲಿ ಸೂಯೆಜ್ ಕಾಲುವೆಯ ದಕ್ಷಿಣ ತುದಿಯ ಪೋರ್ಟ್ ತೌಫಿಕ್‌ನಲ್ಲಿ ಒಂದು ಸ್ಮಾರಕ ಕಟ್ಟಿದ್ದರು. ಈಜಿಪ್ಟ್ ಮತ್ತು ಇಸ್ರೇಲ್ ಹೊಡೆದಾಡಿಕೊಂಡಾಗ ಅದು ಜಖಂ ಆಗಿ, ಕೊನೆಗೆ ಕೆಡವಬೇಕಾಯಿತು. ಸತ್ತು ಅರ್ಧ ಶತಮಾನ ಕಳೆದ ಮೇಲೆ ಬೇರೆ ಯಾರದೋ ಯುದ್ಧದಲ್ಲಿ ಇವರ ಹೆಸರಿಗೆ ಮತ್ತೆ ಗುಂಡು ಬಿತ್ತು. 1980ರಲ್ಲಿ ಆ ಹೆಸರುಗಳಿಗೆ ಕೈರೋದ ಹೀಲಿಯೊಪೊಲಿಸ್ ಯುದ್ಧ ಸ್ಮಶಾನದಲ್ಲಿ ಹೊಸ ಜಾಗ ಸಿಕ್ಕಿತು.

ಈ ಸ್ಮಶಾನಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಹುಟ್ಟಿದ್ದು 1917ರಲ್ಲಿ. ಅಧಿಕಾರಿಗೂ ಸಿಪಾಯಿಗೂ ಒಂದೇ ಮರ್ಯಾದೆ, ಒಂದೇ ನಮೂನೆಯ ಕಲ್ಲು ಎಂಬುದು ಅದರ ನೇಮ. ದೊಡ್ಡ ಮಾತು, ಒಪ್ಪುತ್ತೇನೆ. ಆದರೆ ಆಫ್ರಿಕಾ, ಏಷ್ಯಾದ ಸೈನಿಕರ ವಿಷಯದಲ್ಲಿ ಆ ನೇಮ ಮುರಿದಿತ್ತು. ಕನಿಷ್ಠ 1,16,000 ಜನರ, ಬಹುಶಃ 3,50,000 ಜನರ ಹೆಸರು ಯಾವ ಸ್ಮಾರಕದಲ್ಲೂ ಬಾರದೆ ಹೋಗಿರಬಹುದು ಎಂದು 2021ರಲ್ಲಿ ಆಯೋಗದ ವರದಿಯೇ ಒಪ್ಪಿಕೊಂಡಿತು, ಆಯೋಗ ಕ್ಷಮೆ ಕೇಳಿತು.

ನಮ್ಮದಾದರೋ ವೀರಗಲ್ಲಿನ ನಾಡು. ಹತ್ತನೆಯ ಶತಮಾನದಲ್ಲಿ ಆತಕೂರಿನಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನೆಟ್ಟರು. ಆ ನಾಯಿಯ ಹೆಸರು ಇವತ್ತಿಗೂ ನಮಗೆ ಗೊತ್ತು. ಹರಿತಾನಿನಲ್ಲಿ ಸತ್ತ ಒಬ್ಬ ಮೈಸೂರಿನವನ ಹೆಸರು ಹೇಳಿ ಅಂದರೆ ಈ ಸಭೆ ಸುಮ್ಮನಾಗುತ್ತದೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಅದರ ಪಕ್ಕದಲ್ಲೇ ದಿನಾ ಓಡಾಡುವವರನ್ನು ಕೇಳಿ ನೋಡಿ.

ಈಗ ನಿಮ್ಮ ಕೈಯಲ್ಲಿರುವ ಮೊಬೈಲಿನ ವಿಷಯ. ನೀವು ವಿದೇಶಕ್ಕೆ ಹೋಗುತ್ತೀರಿ. ಸಿಂಗಾಪುರಕ್ಕೆ ಹೋದವರಿಗೆ ಕ್ರಾಂಜಿ ಯುದ್ಧ ಸ್ಮಾರಕ ದೂರವಲ್ಲ. ಅಲ್ಲಿನ ಕಂಬಗಳ ಮೇಲೆ ಎರಡನೆಯ ಮಹಾಯುದ್ಧದ 24,000ಕ್ಕೂ ಹೆಚ್ಚು ಹೆಸರುಗಳಿವೆ, ಅವುಗಳಲ್ಲಿ ಭಾರತದವು ಬೇಕಾದಷ್ಟು. ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ ಮೊದಲ ಮಹಾಯುದ್ಧದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಅರ್ಧ ದಿನ ಅಲ್ಲಿಗೆ ಇಡಿ, ಆ ಹೆಸರುಗಳ ಫೋಟೊ ತೆಗೆಯಿರಿ. “ಸ್ಮಶಾನದ ಫೋಟೊ ಮನೆಗೆ ಯಾಕೆ ತಂದೆ?” ಎಂದು ಅಜ್ಜಿ ಬೈಯಬಹುದು. ತಾಜ್ ಮಹಲ್ ಗೋರಿ ತಾನೆ ಅಜ್ಜಿ? ಊರಿಂದ ನೆಂಟರು ಬಂದಾಗಲೆಲ್ಲ ಅಲ್ಲಿ ಬೆಂಚಿನ ಮೇಲೆ ಕೂರಿಸಿ ಫೋಟೊ ತೆಗೆಸುತ್ತೇವಲ್ಲ!

ತೆಗೆಯುವಾಗ ಓದಲು ಬರುವ ಹಾಗೆ ತೆಗೆಯಿರಿ. ಕೆತ್ತಿದ ಅಕ್ಷರ ಪಕ್ಕದಿಂದ ಬೀಳುವ ಬಿಸಿಲಿನಲ್ಲಿ ಎದ್ದು ಕಾಣುತ್ತದೆ, ನೇರ ಬೆಳಕಿನಲ್ಲಿ ಮಾಸುತ್ತದೆ. ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯಬೇಡಿ, ಕಲ್ಲು ಕೆಡುತ್ತದೆ. ಹೆಸರು, ನಂಬರು, ದಳ, ತಾರೀಕು ನಾಲ್ಕೂ ಬರಲಿ. ಜೊತೆಗೆ ಸಾಲಿನ ಗುರುತು ಅಥವಾ ಫಲಕದ ನಂಬರು ಸಿಗುವಂತೆ ದೂರದಿಂದ ಇನ್ನೊಂದು. ಆಯೋಗದ ಜಾಲತಾಣದಲ್ಲಿ ಆ ಹೆಸರು ಹುಡುಕಿದರೆ ಕೆಲವರ ಅಪ್ಪನ ಹೆಸರು, ಹಳ್ಳಿಯ ಹೆಸರೂ ಸಿಗುತ್ತದೆ. ಹಳ್ಳಿ ಸಿಕ್ಕಿದರೆ ಅಲ್ಲಿನ ಶಾಲೆಗೆ ಒಂದು ಪ್ರತಿ ಕಳಿಸಿ. ನಿಮ್ಮ ಮುಖ ಚಿತ್ರದಲ್ಲಿ ಇರಲೇಬೇಕೆಂದರೆ ಇರಲಿ, ನನ್ನ ತಕರಾರಿಲ್ಲ. ಹೆಸರಿಗೆ ಅಡ್ಡ ನಿಲ್ಲಬೇಡಿ, ಅಷ್ಟೆ.

ನಮ್ಮ ಸಂಘ ಮುಂದಿನ ಸೆಪ್ಟೆಂಬರ್ 23ಕ್ಕೆ ಮೈಸೂರು ಲ್ಯಾನ್ಸರ್ಸ್ ಹೆಸರುಗಳ ಒಂದು ಗೋಡೆ ಪ್ರದರ್ಶನ ಇಡಲಿ ಎಂಬುದು ಕಾರ್ಯಕಾರಿ ಸಮಿತಿಯಲ್ಲಿ ನನ್ನ ವಿನಂತಿ. ಸಿರಿಯಾಕ್ಕೆ ಹೋಗಿ ಎನ್ನಲಾರೆ. ಕೈರೋಗೆ ಹೋಗುವವರು ಯಾರಾದರೂ ಇದ್ದರೆ, ಊಟದ ಎಲೆಗೆ ಕೂರುವ ಮುಂಚೆ ನನ್ನನ್ನು ಕಂಡು ಹೆಸರು ಬರೆಸಿ.