ಮುಗಿಯದ ಚಿತ್ರದ ಪಾಠ

ತೈಲವರ್ಣದಲ್ಲಿ ಭಾವಚಿತ್ರ ಬರೆಯಲು ಕಲಿಯುವವರಿಗೆ ನಾನು ಮೊದಲು ತೋರಿಸುವುದು ಒಂದು ಅಪೂರ್ಣ ಚಿತ್ರವನ್ನು. ಫ್ರಾನ್ಸಿನ ಜಾಕ್ ಲೂಯಿ ದಾವಿದ್ 1800ರಲ್ಲಿ ಬರೆಯಲು ಹಿಡಿದು ಅರ್ಧಕ್ಕೇ ಕೈಬಿಟ್ಟ ಮದಾಂ ರೆಕಾಮಿಯೆ ಅವರ ಚಿತ್ರ ಅದು. ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಬಿಳಿ ಉಡುಪಿನ, ಬರಿಗಾಲಿನ ಹೆಣ್ಣುಮಗಳು ದಿವಾನದ ಮೇಲೆ ಒರಗಿ ನಮ್ಮತ್ತ ಮುಖ ತಿರುಗಿಸಿದ್ದಾಳೆ.

ದಾವಿದ್ ಸೇರಿದ್ದ ನವ ಅಭಿಜಾತ ಪಂಥದ ಮುಗಿದ ಚಿತ್ರಗಳಲ್ಲಿ ಕುಂಚದ ಜಾಡೇ ಸಿಗದಷ್ಟು ನುಣುಪು. ಎಲ್ಲಿಂದ ಶುರುಮಾಡಿದರೋ ತಿಳಿಯದೆ ಕಲಿಯುವವರು ಕಂಗೆಡುತ್ತಾರೆ. ಇಲ್ಲಿ ಹಾಗಲ್ಲ. ಹಿಂದಿನ ಗೋಡೆಯಲ್ಲಿ ತೆಳುವಾದ ಕಂದು ಬಣ್ಣವನ್ನು ಕುಂಚದಿಂದ ಉಜ್ಜಿದ ಗೀಟುಗಳು ಹಾಗೇ ಉಳಿದಿವೆ. ಇದನ್ನು ನಕಲು ಮಾಡಲು ಕೂತರೆ ಕ್ರಮ ತಾನಾಗಿ ಕೈಗೆ ಬರುತ್ತದೆ: ಮೊದಲು ರೇಖೆ, ಆಮೇಲೆ ನೆರಳು-ಬೆಳಕು, ಬಣ್ಣ ಕಡೆಗೆ. ನೆರಳು ತೆಳುವಾಗಿರಲಿ, ಬೆಳಕು ಬಿದ್ದ ಕಡೆ ಬಣ್ಣ ದಪ್ಪವಾಗಲಿ. ಅಡಿಪದರದಲ್ಲಿ ಅಗಸೆ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು. ಅದಲುಬದಲಾದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ಕೆನ್ನೆ ನೆರಳಿಗೆ ತಿರುಗುವ ಜಾಗವಂತೂ ಬಲು ಕಷ್ಟ. ಅಲ್ಲಿರುವುದು ಗುಲಾಬಿಯೂ ಅಲ್ಲ, ಕಂದೂ ಅಲ್ಲ, ಬೂದು ಬೆರೆತ ಒಂದು ತಂಪು ಬಣ್ಣ. ಅದು ಕಣ್ಣಿಗೆ ಬೀಳಲು ದಿನಗಳೇ ಬೇಕು. ಕಂಡಮೇಲೆ ಎದುರು ಕೂತವರ ಮುಖ ನೋಡುವ ರೀತಿಯೇ ಬದಲಾಗುತ್ತದೆ.

ನಕಲೆಂದರೆ ಮೂಗು ಮುರಿಯುವವರಿದ್ದಾರೆ. ಆದರೆ 1793ರಲ್ಲಿ ಲೂವ್ರ್ ತೆರೆದಾಗಿನಿಂದಲೂ ಕಲಾವಿದರು ಅಲ್ಲಿ ಕೂತು ನಕಲು ಮಾಡುತ್ತ ಕಲಿತಿದ್ದಾರೆ. ಇಂದಿಗೂ ಅವಕಾಶವಿದೆ, ನಕಲು ಮಾತ್ರ ಮೂಲದ ಅಳತೆಯಲ್ಲಿರಬಾರದು. ದಾವಿದನ ಈ ಚಿತ್ರದ ಅಗಲ ಸುಮಾರು ಎಂಟಡಿ. ಮನೆಯಲ್ಲಿ ಕಲಿಯುವವರು ಮುಖ, ಕೊರಳು, ಹೆಗಲು ಇಷ್ಟನ್ನೇ ಆರಿಸಿಕೊಳ್ಳಲಿ. ಒಂದು ಮಳೆಗಾಲಕ್ಕೆ ಅದೇ ಬೇಕಾದಷ್ಟು ಕೆಲಸ.