ಖಾಲಿ ಕಾಣುವ ದಾರಿ



ಯಾರ ನೆನಪಿಗೆ ಈ ದತ್ತಿ ಉಪನ್ಯಾಸ ಇದೆಯೋ ಆ ಮಾಸ್ತರರು ಕೊನೆಯವರೆಗೂ ಸೈಕಲ್ ಬಿಡಲಿಲ್ಲ. ಧೋತರದ ಅಂಚು ಚೈನಿಗೆ ಸಿಗದಂತೆ ಎತ್ತಿ ಸಿಕ್ಕಿಸಿಕೊಂಡು ಧಾರವಾಡದ ಸಾಧನಕೇರಿಯ ಕಡೆಯಿಂದ ಬರುತ್ತಿದ್ದ ಅವರನ್ನು ಇಲ್ಲಿ ಕೂತ ಹಲವರು ಕಂಡಿದ್ದೀರಿ. ಸ್ಕೂಟರ್ ಕೊಡಿಸುತ್ತೇನೆಂದ ಮಗನಿಗೆ, ‘ಅದನ್ನ ನಿಲ್ಲಸಾಕ ಜಾಗಾ ಎಲ್ಲೈತೋ ತಮ್ಮಾ’ ಅಂದಿದ್ದರಂತೆ. ಇವತ್ತಿನ ನನ್ನ ಮಾತು ಆ ಜಾಗದ ಬಗ್ಗೆಯೇ.

ಹುಬ್ಬಳ್ಳಿ, ಧಾರವಾಡ ಎರಡನ್ನೂ 1962ರಲ್ಲಿ ಒಂದೇ ಮಹಾನಗರ ಪಾಲಿಕೆಯಾಗಿ ಕೂಡಿಸಿದರು. ನಡುವಿನ ಇಪ್ಪತ್ತು ಕಿಲೋಮೀಟರ್ ನಮ್ಮ ಬಾಯಲ್ಲಿ ಪಿ.ಬಿ. ರೋಡ್. ಮನೆ ಇಲ್ಲಿ, ನೌಕರಿ ಅಲ್ಲಿ. ಕಾಲೇಜು ಅಲ್ಲಿ, ಬೀಗರ ಮನೆ ಇಲ್ಲಿ. ಸರ್ಕಾರಿ ಬಸ್ಸುಗಳ ಜೊತೆಗೆ ಬೇಂದ್ರೆಯವರ ಹೆಸರು ಹೊತ್ತ ಖಾಸಗಿ ಬಸ್ಸುಗಳೂ ಈ ದಾರಿಯಲ್ಲಿ ಓಡಿದವು. ವರಕವಿಯ ಹೆಸರಿನ ಬಸ್ಸಿಗೆ ಜೋತುಬಿದ್ದು ಪರೀಕ್ಷೆಗೆ ಹೋದ ತಲೆಮಾರು ಬೇರೆ ಊರಲ್ಲಿ ಇರಲಿಕ್ಕಿಲ್ಲ. 2018ರ ಅಕ್ಟೋಬರಿನಲ್ಲಿ ಚಿಗರಿ ಎಂಬ ತ್ವರಿತ ಸಾರಿಗೆಯ ಬಸ್ಸು ಬಂತು. ವಿಧಿವತ್ತಾದ ಉದ್ಘಾಟನೆ 2020ರ ಫೆಬ್ರುವರಿಯಲ್ಲಿ, ಅಂದರೆ ಜನರಿಗೆ ಹತ್ತಿಳಿದು ರೂಢಿಯಾದ ಮೇಲೆ.

ಚಿಗರಿಯ ಓಟ ಅದರ ಇಂಜಿನ್ನಿನಲ್ಲಿಲ್ಲ. ಸಿಟಿ ಬಸ್ಸು ತಡವಾಗುವುದು ಓಡುವಾಗ ಅಲ್ಲ, ನಿಂತಾಗ. ಎರಡು ಮೆಟ್ಟಿಲು ಹತ್ತಬೇಕು, ಇಳಿಯುವವರಿಗೆ ದಾರಿ ಬಿಡಬೇಕು, ಕಂಡಕ್ಟರನೊಡನೆ ಚಿಲ್ಲರೆಯ ಜಗಳ ಮುಗಿಯಬೇಕು. ಆಮೇಲೆ ಬಸ್ಸು ಎಡಬದಿಯಿಂದ ಮತ್ತೆ ವಾಹನಗಳ ಸಾಲಿಗೆ ನುಗ್ಗಬೇಕು, ಅದಕ್ಕೆ ಯಾರೂ ದಾರಿ ಕೊಡರು. ಚಿಗರಿಯಲ್ಲಿ ಇವಿಷ್ಟನ್ನೂ ರಸ್ತೆಯಿಂದ ಎತ್ತಿ ನಿಲ್ದಾಣದೊಳಕ್ಕೆ ಇಟ್ಟರು. ಟಿಕೆಟು ಗೇಟಿನ ಬಳಿಯೇ ಆಗುತ್ತದೆ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ, ಮೊಣಕಾಲು ನೋವಿನವರೂ ಸರಾಗ ಒಳಗೆ ಹೆಜ್ಜೆಯಿಡಬಹುದು. ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ಬಾಗಿಲು ಬಲಕ್ಕೆ. ಮುಂದಿನದು ಬಸ್ಸಿಗೆಂದೇ ಬಿಟ್ಟ ಪ್ರತ್ಯೇಕ ಪಥ. ಎರಡೂ ಊರಿನ ಹಳೆಯ ಪೇಟೆಯೊಳಗೆ ಮಾತ್ರ ಬಸ್ಸು ಎಲ್ಲರ ಜೊತೆ ತಿಣುಕಲೇಬೇಕು.

ಈ ಪ್ರತ್ಯೇಕ ಪಥದ ಮೇಲೆಯೇ ಎಲ್ಲರ ಕಣ್ಣು. ಪಕ್ಕದ ಮಿಶ್ರ ಪಥದಲ್ಲಿ ಕಾರಿನೊಳಗೆ ಕೂತವರಿಗೆ ಅದು ಯಾವಾಗಲೂ ಖಾಲಿ ಕಾಣುತ್ತದೆ. ‘ಇಷ್ಟು ಜಾಗ ದಂಡ ಬಿದ್ದದ, ನಮಗಾದ್ರೂ ಬಿಡ್ರಿ’ ಎಂಬ ಮಾತನ್ನು ನಾನು ಮದುವೆಯ ಪಂಕ್ತಿಯಿಂದ ಹಿಡಿದು ಸಾಹಿತ್ಯ ಗೋಷ್ಠಿಯವರೆಗೆ ಕೇಳಿದ್ದೇನೆ. ಸ್ವಲ್ಪ ಲೆಕ್ಕ ಹಾಕೋಣ. ತುಂಬಿದ ಒಂದು ಬಸ್ಸಿನಲ್ಲಿ ಅರವತ್ತು-ಎಪ್ಪತ್ತು ಜನ. ಬಸ್ಸಿನ ಉದ್ದಕ್ಕೆ ಮೂರು ಕಾರು ಹಿಡಿಯುತ್ತವೆ, ಅವುಗಳಲ್ಲಿ ಇರುವವರು ನಾಲ್ಕೈದು ಮಂದಿ. ಎಪ್ಪತ್ತು ಜನರನ್ನು ಹೊತ್ತ ಬಸ್ಸು ನಿಮ್ಮ ಕಣ್ಣೆದುರು ಎರಡು ಸೆಕೆಂಡಿನಲ್ಲಿ ದಾಟಿಹೋಗುತ್ತದೆ, ಅದೇ ಎಪ್ಪತ್ತು ಜನ ಕಾರಿನಲ್ಲಿ ಬಂದಿದ್ದರೆ ಉಣಕಲ್ ಕೆರೆಯ ಏರಿಯುದ್ದಕ್ಕೂ ಸಾಲು ನಿಲ್ಲುತ್ತಿತ್ತು. ಆ ಸಾಲು ದಾರಿ ತುಂಬಿದಂತೆ ಕಾಣುತ್ತದೆ, ತುಂಬಿದ್ದು ಉಪಯೋಗವಾದಂತೆ ತೋರುತ್ತದೆ. ಸಾಗುವ ದಾರಿ ಖಾಲಿ ಕಾಣುವುದು ಅದರ ದೋಷವಲ್ಲ. ಮನೆಯ ಕೊಳವೆಯಲ್ಲಿ ನೀರು ಕಟ್ಟಿ ನಿಂತಿಲ್ಲವೆಂದು ಯಾರಾದರೂ ಕೊಳವೆಯನ್ನು ಬೈಯುತ್ತಾರೆಯೆ?

ದೆಹಲಿಯಲ್ಲಿ ಈ ಕಣ್ಣಿನ ತೀರ್ಪೇ ಗೆದ್ದಿತು. 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ 5.8 ಕಿಲೋಮೀಟರ್ ಬಸ್ ಕಾರಿಡಾರ್ ತೆರೆದರು. ಅದನ್ನು ಎಲ್ಲ ವಾಹನಗಳಿಗೂ ಬಿಡಬೇಕೆಂದು ಹೈಕೋರ್ಟಿಗೆ ಅರ್ಜಿ ಬಿತ್ತು, 2012ರಲ್ಲಿ ಕೋರ್ಟು ಅದನ್ನು ವಜಾ ಮಾಡಿತು. ಆದರೂ ಬೈಗುಳ ನಿಲ್ಲಲಿಲ್ಲ. 2016ರಲ್ಲಿ ಸರ್ಕಾರವೇ ಕಾರಿಡಾರನ್ನು ಕಿತ್ತುಹಾಕಿತು. ಸಿಗ್ನಲ್ಲಿನಲ್ಲಿ ಬಹಳ ಹೊತ್ತು ನಿಲ್ಲಬೇಕಾಗುತ್ತಿದ್ದಂಥ ದೋಷಗಳು ಅದರಲ್ಲಿ ನಿಜವಾಗಿಯೂ ಇದ್ದವು. ಆದರೆ ಟೀಕೆಯ ದೊಡ್ಡ ದನಿ ಬಸ್ಸಿನೊಳಗಿನವರದಾಗಿರಲಿಲ್ಲ.

ಹಾಗೆಂದು ಚಿಗರಿಗೆ ಆರತಿ ಎತ್ತಿ ನಾನು ಕೂಡುವವನಲ್ಲ. ಒಮ್ಮೆ ಸಂತೆಯ ಚೀಲ ಹಿಡಿದ ಅಜ್ಜಿಯೊಬ್ಬಳು ನನ್ನ ತೋಳು ಹಿಡಿದು ರಸ್ತೆ ದಾಟಿದಳು. ಅರ್ಧಕ್ಕೆ ನಿಂತೆವು, ಬೈಕುಗಳು ಮುಂದೆಯೂ ಹಿಂದೆಯೂ ಹಾದುಹೋದವು. ನಿಲ್ದಾಣ ಮುಟ್ಟಿದ ಮೇಲೆ ಉಸಿರು ಬಿಟ್ಟು ಅಂದಳು: ‘ಬಸ್ಸೇನೋ ಚಲೋ ಐತ್ರಿ ಯಪ್ಪಾ, ಅಲ್ಲೀತನಕ ಬರೂದ ಕಷ್ಟ.’ ಈ ವಿಷಯದ ಮೇಲೆ ನಾನು ಓದಿದ ವರದಿಗಳೆಲ್ಲ ಆ ಒಂದು ಮಾತಿನ ಹಿಂದೆಯೇ ನಿಲ್ಲಬೇಕು. ಬಸ್ಸಿಗೆ ಹಾದಿ ಸಿಕ್ಕಿತು. ಬಸ್ಸು ಹತ್ತಲು ನಡೆದು ಬರುವವರಿಗೆ ಸಿಕ್ಕದ್ದು ನಡುನಡುವೆ ಹರಿದುಹೋಗುವ ಫುಟ್‌ಪಾತು, ಅದರ ಮೇಲೆ ನಿಂತ ಬೈಕು.   

ಈ ಬಗೆಯ ಬಸ್ಸಿನ ತವರು ಬ್ರೆಜಿಲಿನ ಕುರಿಟೀಬಾ. ಜೈಮೆ ಲರ್ನರ್ ಎಂಬ ವಾಸ್ತುಶಿಲ್ಪಿ ಅಲ್ಲಿ ಮೇಯರ್ ಆಗಿದ್ದಾಗ, 1974ರಲ್ಲಿ ಬಸ್ಸಿಗೆಂದೇ ಮೀಸಲಾದ ಪಥಗಳು ಶುರುವಾದವು. ನಮ್ಮವರು ಅದನ್ನು ನೆನೆಯುತ್ತಾರೆ, ಅದಕ್ಕಿಂತ ಎರಡು ವರ್ಷ ಹಿಂದಿನದನ್ನು ನೆನೆಯುವುದಿಲ್ಲ. 1972ರಲ್ಲಿ ಲರ್ನರ್ ಊರಿನ ಮುಖ್ಯ ಪೇಟೆಬೀದಿಯನ್ನು ಶುಕ್ರವಾರ ಸಂಜೆ ಅಗೆಯಲು ಹಚ್ಚಿ, 72 ಗಂಟೆಯೊಳಗೆ ನಡೆಯುವವರಿಗೆ ಬಿಟ್ಟುಕೊಟ್ಟ. ವ್ಯಾಪಾರ ಹಾಳಾಗುತ್ತದೆಂದು ಎಗರಾಡಿದ ಅಂಗಡಿಕಾರರೇ ಆಮೇಲೆ ಇನ್ನಷ್ಟು ಬೀದಿ ಹೀಗೆ ಮಾಡಿ ಅಂದರು. ಬೀದಿಗೆ ಕಾರು ನುಗ್ಗಿಸುತ್ತೇವೆಂದು ಕೆಲವರು ಬೆದರಿಸಿದಾಗ, ಉದ್ದಕ್ಕೂ ಕಾಗದ ಹಾಸಿ ಮಕ್ಕಳನ್ನು ಚಿತ್ರ ಬರೆಯಲು ಕೂಡಿಸಿದ. ಮೊದಲು ಕಾಲಿಗೆ ದಾರಿ, ಆಮೇಲೆ ಗಾಲಿಗೆ. ನಮ್ಮಲ್ಲಿ ಈ ಕ್ರಮ ತಿರುವುಮುರುವಾಯಿತು.

ಸೈಕಲ್ಲಿನ ಕಥೆಯೂ ಹೀಗೆಯೇ. ಮೈಸೂರಿನವರು 2017ರಲ್ಲಿ ಟ್ರಿಣ್ ಟ್ರಿಣ್ ಎಂದು 450 ಸೈಕಲ್ ಬಾಡಿಗೆಗೆ ಇಟ್ಟರು. ಇಟ್ಟದ್ದು ಒಳ್ಳೆಯದೇ. ಆದರೆ ನಮ್ಮ ಮಾಸ್ತರರಿಗೆ ಸೈಕಲ್ ಎಂದೂ ಕೊರತೆಯಾಗಿರಲಿಲ್ಲ. ನಿಲ್ದಾಣದ ಬಳಿ ನೆರಳು, ಒಂದು ಸ್ಟ್ಯಾಂಡು, ಬೀಗ ಹಾಕಿ ಬಿಟ್ಟುಹೋಗುವ ಧೈರ್ಯ ಇದ್ದರೆ ನವಲೂರಿನ ಪೇರಲ ತೋಟದವನೂ ಮನೆಯಿಂದ ಸೈಕಲ್ಲಿನಲ್ಲಿ ಬಂದು ಚಿಗರಿ ಹತ್ತಿಯಾನು.

ಈಗ ಚಿಗರಿಯ ಬದಲಿಗೆ ವಿದ್ಯುತ್ತಿನ ಹೊಸ ವಾಹನ ತರುವ ಮಾತು ನಡೆದಿದೆ. ಬರಲಿ. ಅದರ ನಿಲ್ದಾಣವೂ ರಸ್ತೆಯ ನಡುವೆಯೇ ಇರುತ್ತದೆ. ಹೊಸ ಬಸ್ಸಿಗೆ ಟೆಂಡರು ಬೇಕು, ಸಾಲ ಬೇಕು, ವರ್ಷಗಳು ಬೇಕು. ದಾಟುವವರಿಗೆ ಸಿಗುವ ಹಸಿರು ದೀಪದ ಹೊತ್ತನ್ನು ಆ ಅಜ್ಜಿಯ ಹೆಜ್ಜೆಗೆ ತಕ್ಕಂತೆ ಹೆಚ್ಚಿಸುವುದಕ್ಕೆ ಸಿಗ್ನಲ್ಲಿನ ಪೆಟ್ಟಿಗೆ ತೆರೆಯಬಲ್ಲ ಒಬ್ಬ ಮನುಷ್ಯ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಸಾಕು.