ಸೀಸೆಯೊಳಗಿನ ಕಾಂತ

ಸಾಗರದ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ, ಭತ್ತದ ಹೊಟ್ಟು ತುಂಬಿದ ಮರದ ಪೆಟ್ಟಿಗೆಯ ನಡುವೆ ಒಂದು ಹಳೆಯ ಗಾಜಿನ ಸೀಸೆಯಿದೆ. ಅದರೊಳಗೆ ಕಿರುಬೆರಳಿನಷ್ಟು ಉದ್ದದ ಕಾಂತವೊಂದು ರೇಷ್ಮೆಯ ಎಳೆಯಲ್ಲಿ ತೂಗುತ್ತಿದೆ. ಕಾಂತದ ನೆತ್ತಿಗೆ ಒಂದು ಕನ್ನಡಿಯ ಚೂರು ಅಂಟಿದೆ. ಪೆಟ್ಟಿಗೆಗೆ ಬಿಟ್ಟ ಪುಟ್ಟ ಕಿಂಡಿಯ ಮೂಲಕ ಬೆಳಕಿನ ಕಿರಣವೊಂದು ಆ ಚೂರನ್ನು ತಾಕಿ ಹಿಂದಿರುಗುತ್ತದೆ. ಮೂರು ಮೀಟರಿನಾಚೆ ಗೋಡೆಗೆ ಅಂಟಿಸಿದ ಅಳತೆಪಟ್ಟಿಯ ಮೇಲೆ ಕೆಂಪು ಚುಕ್ಕೆಯಾಗಿ ಬೀಳುತ್ತದೆ. ಕಾಂತವು ಕೂದಲೆಳೆಯಷ್ಟು ತಿರುಗಿದರೂ ಚುಕ್ಕೆ ಕಣ್ಣಿಗೆ ಕಾಣುವಷ್ಟು ಸರಿಯುತ್ತದೆ. ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಇದೇ ಕಾಂತಮಾಪಕ, ಇದೇ ವೀಕ್ಷಣಾಲಯ.

ಮೊದಲು ನಾನು ಕಟ್ಟಿದ ಉಪಕರಣ ಮೂಗಿಯಾಗಿತ್ತು. ಇಂಗ್ಲಿಷ್ ಪುಸ್ತಕವೊಂದರಲ್ಲಿ ಹೇಳಿದಂತೆ ಒಂದೇ ಎಳೆಯಲ್ಲಿ ಕಾಂತವನ್ನು ತೂಗಿಬಿಟ್ಟಿದ್ದೆ. ಅದು ಉತ್ತರಕ್ಕೆ ಮುಖಮಾಡಿ ನಿಂತಿತು. ತಿಂಗಳುಗಟ್ಟಲೆ ನಿಂತೇ ಇತ್ತು. ತಪ್ಪು ಪುಸ್ತಕದ್ದಲ್ಲ, ಅದನ್ನು ಬರೆದ ನಾಡು ಬೇರೆ. ಸ್ವೀಡನ್ನಿನ ಉಪ್ಸಾಲಾದಲ್ಲಿ 1741ರಲ್ಲಿ ಸೆಲ್ಸಿಯಸ್ ಮತ್ತು ಹ್ಯೋರ್ಟರ್ ಎಂಬವರು, ಆಕಾಶದಲ್ಲಿ ಧ್ರುವಪ್ರಭೆ ಕುಣಿದಾಗ ಕೆಳಗೆ ದಿಕ್ಸೂಚಿಯ ಮುಳ್ಳೂ ಅಲುಗುವುದನ್ನು ಕಂಡರು. ಅಂಥ ಉತ್ತರದ ನಾಡುಗಳಲ್ಲಿ ಕಾಂತಬಲದ ದಿಕ್ಕೇ ಗಣನೀಯವಾಗಿ ಅತ್ತಿತ್ತ ಹೊರಳುತ್ತದೆ. ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ ನಮ್ಮ ಕಡೆ ಮುಖ್ಯವಾಗಿ ಬದಲಾಗುವುದು ದಿಕ್ಕಲ್ಲ, ಬಲ. ಹೊಳೆಯ ಹರಿವಿಗೆ ಮುಖಮಾಡಿ ಕಟ್ಟಿದ ದೋಣಿ ಹರಿವು ಹೆಚ್ಚಾದರೂ ಕಡಿಮೆಯಾದರೂ ಅದೇ ಕಡೆಗೇ ಮುಖಮಾಡಿರುತ್ತದಲ್ಲವೆ? ನನ್ನ ಕಾಂತವೂ ಹಾಗೆಯೇ ಇತ್ತು.

ಇದಕ್ಕೆ ಪರಿಹಾರವನ್ನು ಜರ್ಮನಿಯ ಗೌಸ್ 1837ರಲ್ಲಿಯೇ ತೋರಿಸಿಕೊಟ್ಟಿದ್ದ: ಒಂದೆಳೆಯ ಬದಲು ಎರಡೆಳೆ. ಕಾಂತವನ್ನು ಸಮಾನಾಂತರವಾದ ಎರಡು ಎಳೆಗಳಲ್ಲಿ ತೂಗಿ, ಮೇಲಿನ ಹಿಡಿಕೆಯನ್ನು ತಿರುಚುತ್ತ ಹೋದರೆ ಅದು ನಿಧಾನವಾಗಿ ಉತ್ತರವನ್ನು ಬಿಟ್ಟು ಪೂರ್ವ-ಪಶ್ಚಿಮಕ್ಕೆ ಅಡ್ಡಲಾಗಿ ನಿಲ್ಲುತ್ತದೆ. ಎಳೆಗಳಿಗೆ ತಿರುಚು ಬಿಚ್ಚಿಕೊಳ್ಳುವ ತವಕ. ಭೂಮಿಗೆ ಕಾಂತವನ್ನು ಉತ್ತರಕ್ಕೆ ಸೆಳೆಯುವ ಹಟ. ಭೂಮಿಯ ಸೆಳೆತ ತುಸು ತಗ್ಗಿದರೆ ಎಳೆಗಳ ಕೈ ಮೇಲಾಗುತ್ತದೆ, ಚುಕ್ಕೆ ಸರಿಯುತ್ತದೆ. ಹೀಗೆ ಮಾಡಿದ ಮೇಲೆ ನನ್ನ ಮೂಗಿ ಮಾತಾಡಿದಳು. ಬಿಸಿಲೇರಿದಂತೆ ಚುಕ್ಕೆ ಒಂದು ಸೆಂಟಿಮೀಟರಿನಷ್ಟು ಸರಿದು, ಸಂಜೆಗೆ ಮರಳುತ್ತಿತ್ತು. ಸುಮಾರು ನೂರು ಕಿಲೊಮೀಟರ್ ಎತ್ತರದಲ್ಲಿ ಸೂರ್ಯನ ಪ್ರಭಾವದಿಂದ ಹಗಲು ಹೊತ್ತು ಹರಿಯುವ ವಿದ್ಯುತ್ ಪ್ರವಾಹಗಳ ನೆರಳು ಅದು.

ಚುಕ್ಕೆ ಸರಿದದ್ದೇನೋ ಸರಿ, ಸೆಂಟಿಮೀಟರಿಗೆ ಬೆಲೆಯೆಷ್ಟು? ಅದನ್ನು ತಿಳಿಸುವುದು ಸುರುಳಿ. ನಲವತ್ತು ಸೆಂಟಿಮೀಟರ್ ಅಗಲದ ಎರಡು ಜರಡಿಗಳ ಮರದ ಬಳೆಗಳನ್ನು ತೆಗೆದುಕೊಂಡೆ. ಮೋಟಾರು ಸುತ್ತುವ ಅಂಗಡಿಯಿಂದ ತಂದ ತಾಮ್ರದ ತಂತಿಯನ್ನು ಒಂದೊಂದಕ್ಕೂ ಹತ್ತು ಸುತ್ತು ಸುತ್ತಿದೆ. ಬಳೆಯ ತ್ರಿಜ್ಯದಷ್ಟೇ, ಎಂದರೆ ಇಪ್ಪತ್ತು ಸೆಂಟಿಮೀಟರ್ ಅಂತರದಲ್ಲಿ ಅವನ್ನು ಎದುರುಬದುರು ನಿಲ್ಲಿಸಿ, ನಟ್ಟನಡುವೆ ಕಾಂತವಿರುವಂತೆ ಮಾಡಿದೆ. ಇದು ಹೆಲ್ಮ್‌ಹೋಲ್ಟ್ಸ್ ಹಾಕಿಕೊಟ್ಟ ಜೋಡಿ. ಇದರಲ್ಲಿ ಹತ್ತು ಮಿಲಿಆಂಪಿಯರ್ ವಿದ್ಯುತ್ತು ಹರಿಸಿದರೆ ನಡುವೆ ಹುಟ್ಟುವ ಕ್ಷೇತ್ರ 450 ನ್ಯಾನೊಟೆಸ್ಲಾ ಎಂದು ಲೆಕ್ಕ ಹೇಳುತ್ತದೆ. ನಮ್ಮ ಊರಿನಲ್ಲಿ ಭೂಮಿಯ ಸೆಳೆತ ಸುಮಾರು 40,000. ಅದರಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಇದು. ಟಾರ್ಚಿನ ಸೆಲ್ಲನ್ನು ಜೋಡಿಸಿದೊಡನೆ ಚುಕ್ಕೆ ಹನ್ನೊಂದು ಸೆಂಟಿಮೀಟರ್ ಸರಿಯಿತು. ಒಂದು ಸೆಂಟಿಮೀಟರಿಗೆ ನಲವತ್ತು ನ್ಯಾನೊಟೆಸ್ಲಾ ಎಂದು ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆದೆ.

ಇನ್ನು ನನ್ನ ತಪ್ಪಿನ ಕಥೆ. ಈ ಉಪಕರಣಕ್ಕೆ ಸೂರ್ಯನೂ ಒಂದೇ, ಕಬ್ಬಿಣದ ಬೀರುವೂ ಒಂದೇ. ಪಕ್ಕದ ಕೋಣೆಯ ಬೀರು ಸರಿದರೆ, ಅಂಗಳದಲ್ಲಿ ಸ್ಕೂಟರ್ ನಿಂತರೆ ಚುಕ್ಕೆ ಬೆಚ್ಚುತ್ತದೆ. ಆರಂಭದಲ್ಲಿ ಹೀಗೆ ಅನೇಕ ಸಲ ಮೋಸಹೋಗಿ, ಅನುಮಾನವೇ ನನ್ನ ಅಭ್ಯಾಸವಾಯಿತು. 2024ರ ಮೇ 11ರ ಬೆಳಗ್ಗೆ ನೋಡುತ್ತೇನೆ, ಹಿಂದಿನ ರಾತ್ರಿ ಹತ್ತು ಗಂಟೆಗೆ ತನ್ನ ಜಾಗದಲ್ಲಿದ್ದ ಚುಕ್ಕೆ ಒಂಬತ್ತು ಸೆಂಟಿಮೀಟರ್ ಆಚೆ ಕುಳಿತಿದೆ! ಮನೆಯಲ್ಲಿ ನೆಂಟರಿದ್ದರು. "ಬೀರು ಸರಿಸಿದಿರಾ?" ಎಂದು ಹೆಂಡತಿಯನ್ನು ಕೇಳಿದೆ. "ಯಾರೂ ಮುಟ್ಟಿಲ್ಲ ಕಣ್ರೀ. ಮೊದಲು ಬರೆದಿಟ್ಟುಕೊಳ್ಳಿ," ಎಂದಳು. ನಾನು ಕೇಳಲಿಲ್ಲ. ಮುಚ್ಚಳ ಸಡಿಲಿಸಿ, ಎಳೆಗಳನ್ನು ತಿರುಗಿಸಿ, ಚುಕ್ಕೆಯನ್ನು ಸೊನ್ನೆಗೆ ತಂದು ನಿಲ್ಲಿಸಿದೆ. ಪುಸ್ತಕದಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಆಮೇಲೆ ಸುದ್ದಿ ಬಂತು: ಎರಡು ದಶಕಗಳಲ್ಲೇ ಅತಿ ಪ್ರಬಲವಾದ ಕಾಂತೀಯ ಬಿರುಗಾಳಿ ಆ ರಾತ್ರಿ ಭೂಮಿಗೆ ಅಪ್ಪಳಿಸಿತ್ತು, ಲಡಾಖಿನ ಹಾನ್ಲೆಯಲ್ಲಿ ಬಾನು ಕೆಂಪಾಗಿತ್ತು.

ಮುಂದಿನ ಕೆಲವು ದಿನ ಚುಕ್ಕೆ ಸೊನ್ನೆಯನ್ನು ದಾಟಿ ಇನ್ನೊಂದು ಬದಿಗೆ ಮೆಲ್ಲಮೆಲ್ಲನೆ ನಡೆಯಿತು. ಕುಗ್ಗಿದ ಸೆಳೆತ ತನ್ನ ಹಳೆಯ ನೆಲೆಗೆ ಮರಳುತ್ತಿತ್ತು. ನಾನು ತಿದ್ದಿದ್ದನ್ನು ಭೂಮಿಯೇ ಅಲ್ಲಗಳೆಯುತ್ತಿತ್ತು.

ಆಗ ನನಗೆ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ನೆನಪಾಯಿತು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್ಟನ್ ಸೂರ್ಯನ ಮೇಲೊಂದು ಪ್ರಖರ ಸ್ಫೋಟವನ್ನು ಕಂಡ. ಒಂದು ದಿನ ತುಂಬುವುದರೊಳಗೆ ಬಿರುಗಾಳಿ ಭೂಮಿಯನ್ನು ಮುಟ್ಟಿತು. ಕೊಲಾಬಾದಲ್ಲಿ ಅಳತೆಗಳನ್ನು ಕಣ್ಣಿನಿಂದ ನೋಡಿ ಕೈಯಿಂದ ಬರೆಯುತ್ತಿದ್ದರು. ಎಂದೂ ಕಾಣದ ಅಂಕಿಗಳು ಬಂದಾಗಲೂ ಅವರು ಅವನ್ನು ಅಳಿಸಲಿಲ್ಲ, ಕಂಡಂತೆ ಬರೆದಿಟ್ಟರು. ಭಾರತೀಯ ವಿಜ್ಞಾನಿಗಳೂ ಇದ್ದ ತಂಡವೊಂದು ಆ ಹಳೆಯ ದಾಖಲೆಯನ್ನು ಪರಿಶೀಲಿಸಿ, ಅಲ್ಲಿ ಸೆಳೆತ ಸುಮಾರು 1,600 ನ್ಯಾನೊಟೆಸ್ಲಾ ಕುಸಿದಿತ್ತೆಂದು 2003ರಲ್ಲಿ ಪ್ರಕಟಿಸಿತು. ನೂರಾ ನಲವತ್ನಾಲ್ಕು ವರ್ಷಗಳ ಬಳಿಕವೂ ಆ ಅಂಕಿಗಳು ಉಪಯೋಗಕ್ಕೆ ಬಂದವು. ಮುಂದೆ ಮುಂಬಯಿಗೆ ವಿದ್ಯುತ್ ಟ್ರಾಮುಗಳು ಬರಲಿದ್ದುದರಿಂದ ಕಾಂತಮಾಪನವನ್ನು ಆಲಿಬಾಗಿಗೆ ಒಯ್ದರು. 1904ರಿಂದ ಅಲ್ಲಿ ದಾಖಲೆ ನಡೆದಿದೆ. ಅವರಿಗೂ ನನ್ನ ಬೀರುವಿನಂಥ ಕಾಟವಿತ್ತು. ಅವರು ಕಾಟದಿಂದ ದೂರ ಸರಿದರು, ಅಂಕಿಯನ್ನು ಸರಿಸಲಿಲ್ಲ.

2024ರ ಅಕ್ಟೋಬರ್ 10ರ ರಾತ್ರಿ ಚುಕ್ಕೆ ಮತ್ತೆ ಹೊರಟಿತು. ಈ ಸಲ ನಾನು ಮುಚ್ಚಳ ಮುಟ್ಟಲಿಲ್ಲ. ಸುರುಳಿಗೆ ಹತ್ತು ಮಿಲಿಆಂಪಿಯರ್ ಕೊಟ್ಟೆ. ಚುಕ್ಕೆ ಇದ್ದಲ್ಲಿಂದ ಸರಿಯಾಗಿ ಹನ್ನೊಂದು ಸೆಂಟಿಮೀಟರ್ ನೆಗೆಯಿತು. ಉಪಕರಣ ಸರಿಯಾಗಿತ್ತು. ಬೆಳಗಿನವರೆಗೆ ಅರ್ಧ ಗಂಟೆಗೊಮ್ಮೆ ಹೆಂಡತಿ ಪಟ್ಟಿ ನೋಡಿ ಅಂಕಿ ಹೇಳಿದಳು, ನಾನು ಬರೆದೆ. ಸಂದೇಹ ಬಂದ ಕಡೆ ಅಂಚಿನಲ್ಲಿ "ಸಂದೇಹ" ಎಂದೂ ಬರೆದೆ.

ಮೇ 11ರ ಪುಟ ಮಾತ್ರ ಇಂದಿಗೂ ಖಾಲಿ ಇದೆ. ಅದನ್ನು ನಾನು ಹರಿದಿಲ್ಲ, ನೆನಪಿನಿಂದ ತುಂಬಿಯೂ ಇಲ್ಲ. ಕೋಣೆ ನೋಡಲು ಬರುವ ಮಕ್ಕಳಿಗೆ ಕಾಂತವನ್ನೂ ಸುರುಳಿಯನ್ನೂ ತೋರಿಸಿದ ಮೇಲೆ ಕೊನೆಗೆ ಆ ಪುಟವನ್ನೂ ತೋರಿಸುತ್ತೇನೆ.